ಆಮೆಯ ಬಣ್ಣದ ಗಾಡಿ

ನಾನು ಓಡಿಸುವ ಗಾಡಿಯ ಬಣ್ಣ ಕಂಡರೆ ನನಗಾಗುವುದಿಲ್ಲ. ಗಾಡಿಯ ಮೇಲೇನೂ ಕೋಪವಿಲ್ಲ. ನೂರು ವರ್ಷದ ಹಿಂದಿನ ಕಾರಿನ ವೇಷ ಹಾಕಿಕೊಂಡ ಗಾಡಿ ಅದು. ದುಂಡನೆಯ ಹಿತ್ತಾಳೆ ದೀಪಗಳು, ಕಡ್ಡಿಗಳ ಚಕ್ರ, ಮಡಚಿಡುವ ಬಟ್ಟೆಯ ಚಾವಣಿ, ಹಿಂಡಿದರೆ ಪೋಂ ಎನ್ನುವ ರಬ್ಬರ್ ಬುರುಡೆಯ ಹಾರ್ನು. ಹೊಟ್ಟೆಯೊಳಗೆ ಮಾತ್ರ ಈ ಕಾಲದ ಬ್ಯಾಟರಿ. ಇಟಲಿಯ ನಮ್ಮ ಸಿಯೆನಾ ಊರು ನೋಡಲು ಬಂದವರನ್ನು ಕೂರಿಸಿಕೊಂಡು, ಕಲ್ಲುಹಾಸಿನ ಬೀದಿಗಳಲ್ಲಿ ಸದ್ದಿಲ್ಲದೆ ಸುತ್ತಿಸುವುದು ನನ್ನ ಕೆಲಸ. ಇಪ್ಪತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳಿಗೆ ಇದು ಮಕ್ಕಳಾಟ. ಆದರೆ ಗಾಡಿಯ ಬಣ್ಣ ಹಳದಿ ಮತ್ತು ಕಡುನೀಲಿ.

ನಮ್ಮೂರಿನಲ್ಲಿ ಹಳದಿ ಮತ್ತು ಕಡುನೀಲಿ ಎಂದರೆ ಆಮೆ ಕೇರಿ. ನಾನು ಬಸವನಹುಳುವಿನ ಕೇರಿಯವಳು. ವರ್ಷವರ್ಷವೂ ಕುದುರೆ ಓಟದಲ್ಲಿ ಸೆಣಸುವ ಊರಿನ ಹದಿನೇಳು ಕೇರಿಗಳಲ್ಲಿ ನಮ್ಮೆರಡು ಅಕ್ಕಪಕ್ಕದವು, ಗೋಡೆಗೆ ಗೋಡೆ ತಾಗಿದವು, ಮತ್ತು ಯಾರ ಮುತ್ತಜ್ಜನಿಗೂ ನೆನಪಿಲ್ಲದ ಕಾಲದಿಂದ ಹಾವು ಮುಂಗುಸಿ. ಆಮೆಗೂ ಬಸವನಹುಳುವಿಗೂ ಕುದುರೆ ಓಟದಲ್ಲಿ ವೈರವೇ ಎಂದು ಹೊರಗಿನವರು ನಗುತ್ತಾರೆ. ನಗಲಿ. ಅವರಿಗೆ ಕೇರಿಯಿಲ್ಲ, ಪಾಪ.

ಮಾರ್ಚ್ ತಿಂಗಳಲ್ಲಿ ಮಾಲೀಕ ಗಲಿಂಬೆರ್ತಿ ಮಿಲಾನಿನಿಂದ ಬಂದು ಗಾಡಿಯನ್ನು ಲಾರಿಯಿಂದ ಇಳಿಸಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಸ್ವಾಮಿ, ಇದು ಆಮೆ ಬಣ್ಣ. ಇದ್ರಲ್ಲಿ ಕೂತ್ರೆ ನಮ್ಮ ಕೇರಿಯೋರು ನನ್ನ ಮಾತಾಡ್ಸಲ್ಲ” ಎಂದೆ.

“ಆಮೆ ಎಲ್ಲಿದೆ ಇದ್ರಲ್ಲಿ? ಫೋಟೋಗೆ ಚೆನ್ನಾಗಿ ಬರುತ್ತೆ ಅಂತ ಹಾಕ್ಸಿದ್ದು. ಇದು ನೀಲಿನೂ ಅಲ್ಲ, ಸಮುದ್ರದ ಬಣ್ಣ.”

ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು. ಸಂಬಳ ಬೇಕಿತ್ತು, ಸ್ಟೀರಿಂಗ್ ಹಿಡಿದೆ. ಆದರೆ ಒಂದು ನೇಮ ಇಟ್ಟುಕೊಂಡೆ. ಈ ಗಾಡಿಯನ್ನು ಒಂದು ದಿನವೂ ನಮ್ಮ ಕೇರಿಯೊಳಗೆ ಒಯ್ಯಲಿಲ್ಲ. ಕೇರಿಯ ಅಂಚಿನಲ್ಲಿ ನಿಲ್ಲಿಸಿ, ಮನೆಗೆ ನಡೆದು ಹೋಗುತ್ತಿದ್ದೆ.

ಇಷ್ಟೆಲ್ಲ ಮಡಿ ಮಾಡುವ ನಾನು ಮದುವೆಯಾಗಿರುವುದು ಮಾತ್ರ ಆಮೆಯವನನ್ನೇ. ನನ್ನ ಗಂಡ ಫೋಸ್ಕೋ ಮೊದಲ ಮೂರು ವಾರ ತನ್ನ ಕೇರಿ ಯಾವುದೆಂದು ಬಾಯಿ ಬಿಡಲಿಲ್ಲ. ಗೊತ್ತಾಗುವ ಹೊತ್ತಿಗೆ ನನ್ನ ಕೈ ಮೀರಿತ್ತು, ಅವನ ಕಣ್ಣು ಹಾಗಿದ್ದವು. ಮೂವತ್ತೊಂದು ವರ್ಷ ಚೆನ್ನಾಗಿಯೇ ಬಾಳಿದ್ದೇವೆ. ಕುದುರೆ ಓಟದ ನಾಲ್ಕು ದಿನ ಅವನು ತನ್ನ ಅಕ್ಕನ ಮನೆಗೆ ಹೋಗಿಬಿಡುತ್ತಾನೆ, ಐದನೆಯ ದಿನ ಬರುತ್ತಾನೆ. ಯಾರು ಗೆದ್ದರು ಯಾರು ಬಿದ್ದರು ಎಂದು ಯಾರೂ ಕೇಳುವುದಿಲ್ಲ, ಸುಮ್ಮನೆ ಕೂತು ಹುರುಳಿಕಾಯಿ ಸೂಪು ಕುಡಿಯುತ್ತೇವೆ. ಊರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

ಜಗಳ ಹುಟ್ಟುವುದು ಮಕ್ಕಳ ವಿಷಯದಲ್ಲಿ. ಚರ್ಚಿನ ಜ್ಞಾನಸ್ನಾನ ಬೇರೆ, ಕೇರಿಯ ಜ್ಞಾನಸ್ನಾನ ಬೇರೆ. ವರ್ಷಕ್ಕೊಮ್ಮೆ, ಕೇರಿಯ ಸಂತನ ಹಬ್ಬದಂದು, ಕೇರಿಯ ಸ್ವಂತ ಕಾರಂಜಿಯ ನೀರನ್ನು ಯಜಮಾನರು ತಲೆಗೆ ಹಾಕಿ, ಕೊರಳಿಗೆ ಕೇರಿಯ ರೇಷ್ಮೆ ರುಮಾಲು ಕಟ್ಟಿಸುತ್ತಾರೆ. ನೀರು ಬಿತ್ತೆಂದರೆ ಮುಗಿಯಿತು. ಸಾಯುವ ತನಕ ಆ ಕೇರಿಯೇ. ಚರ್ಚನ್ನಾದರೂ ಬದಲಿಸಬಹುದು, ಇದನ್ನಾಗದು.

ನಮ್ಮ ಮಗಳು ಲವೀನಿಯಾ ಹುಟ್ಟಿದಾಗ ಮಾತಾಗಿತ್ತು: ಮೊದಲನೆಯದು ಆಮೆಗೆ, ಎರಡನೆಯದು ಬಸವನಹುಳುವಿಗೆ. ನಾನು ಒಪ್ಪಿದೆ. ಎರಡನೆಯದು ಬರಲಿಲ್ಲ. ಬರಲಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟೆ, ಅದರ ಹಿಂದೆ ಆರು ವರ್ಷದ ಆಸ್ಪತ್ರೆ ಅಲೆದಾಟವಿದೆ. ಕೊನೆಗೆ ನಮ್ಮ ಮೇಜಿನ ಸುತ್ತ ಎರಡು ಆಮೆ, ಒಂದು ಹುಳು. ಹಬ್ಬದ ದಿನ ಅಪ್ಪ ಮಗಳು ರುಮಾಲು ಕಟ್ಟಿಕೊಂಡು ನಗುತ್ತಾ ಇಳಿದುಹೋಗುತ್ತಿದ್ದರು, ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ಹಬ್ಬಕ್ಕೆ ನಾನು ಒಬ್ಬಳೇ ಹೋಗುತ್ತಿದ್ದೆ. ಅಲ್ಲಿ ಮಕ್ಕಳನ್ನು ಎತ್ತಿಕೊಂಡು ಸಾಲುನಿಂತ ಹೆಂಗಸರನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಹೋದ ಅಕ್ಟೋಬರಿನಲ್ಲಿ ಲವೀನಿಯಾಗೆ ಹೆಣ್ಣು ಹುಟ್ಟಿತು. ತೆಸ್ಸಾ. ಆಸ್ಪತ್ರೆಯ ಹಾಸಿಗೆಯಲ್ಲೇ ಲವೀನಿಯಾ ಕೂಸನ್ನು ನನ್ನ ತೋಳಿಗಿಟ್ಟು, “ಇದು ನಿಂದು ಅಮ್ಮ, ಜೂನ್‌ನಲ್ಲಿ ನಿನ್ನ ಕಾರಂಜಿಗೆ ಕರ್ಕೊಂಡು ಹೋಗು” ಎಂದಿದ್ದಳು. ಎಂಟು ತಿಂಗಳು ನಾನು ಆ ಮಾತಿನ ಮೇಲೆ ಬದುಕಿದ್ದೆ. ನಮ್ಮ ಕೇರಿಯ ಕೆಂಪು ಹಳದಿ ರುಮಾಲು ಕೊಂಡು ಬೀರುವಿನಲ್ಲಿಟ್ಟಿದ್ದೆ.

ಮಗುವಿನ ಅಪ್ಪನ ಸುದ್ದಿಯನ್ನು ಇನ್ನೂ ಹೇಳಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲೂ ಅವನ ಸುದ್ದಿ ಯಾರೂ ಕೇಳುತ್ತಿರಲಿಲ್ಲ. ಅಳಿಯ ರುಜ್ಜೇರೋ ಗ್ರೊಸ್ಸೇತೋ ಕಡೆಯವನು, ದನ ಮೇಯುವ ಬಯಲುಸೀಮೆಯವನು, ಹೊಲಗಳ ನೀರಿನ ಪಂಪು ರಿಪೇರಿ ಮಾಡುತ್ತಾನೆ. ಆರಡಿ ಆಳು, ಬಾಯಲ್ಲಿ ಮಾತಿಲ್ಲ. ಕೇರಿಯಂತೂ ಇಲ್ಲವೇ ಇಲ್ಲ. ಊಟದ ಹೊತ್ತಿಗೆ ಓಟದ ಮಾತು ಬಂದು ಅವನೇನಾದರೂ ತುಟಿ ತೆರೆದರೆ, “ನೀನು ಸುಮ್ನಿರಪ್ಪ, ಇದು ಊರಿನೋರ ಮಾತು” ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಅವನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆದಿತ್ತು.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಅವತ್ತು ಆಮೆಯವರ ಹಬ್ಬ. ನಮ್ಮದಕ್ಕೆ ಇನ್ನೂ ಎರಡು ವಾರವಿತ್ತು. ಬೆಳಗಿನಿಂದ ಅವರ ತಮಟೆ ಊರೆಲ್ಲ ಕೇಳುತ್ತಿತ್ತು. ಫೋಸ್ಕೋ ಸೂಟು ಹಾಕಿಕೊಂಡು ಹೊರಡುವಾಗ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಹೋದ. ಹಬ್ಬದ ದಿನ ಅವನು ನನ್ನ ಹತ್ತಿರವೇ ಸುಳಿಯುವವನಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಧ್ಯಾಹ್ನ ನನ್ನ ಗಾಡಿಗೆ ಫಿನ್ಲೆಂಡಿನ ಇಬ್ಬರು ಅಕ್ಕತಂಗಿಯರು ಹತ್ತಿದರು. ಅಕ್ಕ ಕೆರ್ತ್ತು, ತಂಗಿ ಐನೋ. ಇಬ್ಬರಿಗೂ ಎಪ್ಪತ್ತು ದಾಟಿತ್ತು, ಇಬ್ಬರಿಗೂ ಹುಲ್ಲಿನ ಟೋಪಿ. ಸಂಜೆಶಾಲೆಯಲ್ಲಿ ನಮ್ಮ ಭಾಷೆ ಕಲಿತಿದ್ದರು, ಅದೂ ಯಾವ ಕಾಲದ ಪುಸ್ತಕದಿಂದಲೋ. “ಈ ಗೋಪುರವು ಅತ್ಯಂತ ಎತ್ತರವಾಗಿರುವುದು” ಎಂದು ಐನೋ, “ಈ ಬಾದಾಮಿ ಬಿಸ್ಕತ್ತುಗಳು ಅದಕ್ಕಿಂತಲೂ ಉತ್ತಮವಾಗಿರುವುವು” ಎಂದು ಕೆರ್ತ್ತು. ನನಗೆ ಅವರನ್ನು ಕಂಡರೆ ಖುಷಿಯಾಗುತ್ತಿತ್ತು. ಊರಿನ ಈ ತುದಿಯ ಸಾನ್ ಫ್ರಾಂಚೆಸ್ಕೋ ಚರ್ಚಿನ ಮುಂದೆ ಗಾಡಿ ನಿಲ್ಲಿಸಿದ್ದೆ. ಅಷ್ಟರಲ್ಲಿ ಆರ್ಜಿಯಾಳ ಫೋನು ಬಂತು.

ಆರ್ಜಿಯಾ ನಮ್ಮ ಕೇರಿಯವಳು, ನನ್ನ ಗೆಳತಿ. ಅವಳ ಸಿಗರೇಟಿನ ಅಂಗಡಿ ಮಾತ್ರ ಆಮೆ ಕೇರಿಗೆ ಹೋಗುವ ಬೀದಿಯ ಬಾಯಲ್ಲೇ ಇದೆ. ಒಳಗೆ ಹೋಗುವ ನೊಣವೂ ಅವಳ ಕಣ್ಣು ತಪ್ಪಿಸಲಾರದು.

“ಜೆಲಿಂದಾ, ನಿಂತಿದೀಯೋ ಕೂತಿದೀಯೋ?”

“ಕೂತಿದೀನಿ, ಯಾಕೆ?”

“ಹಾಗೇ ಕೂತಿರು. ನಿಮ್ಮ ಲವೀನಿಯಾ ಈಗ ತಾನೇ ನನ್ನ ಅಂಗಡಿ ಮುಂದೆ ಹೋದ್ಲು. ಮಗೂಗೆ ಬಿಳೀ ಲೇಸಿನ ಗೌನು ಹಾಕಿದಾಳೆ. ಫೋಸ್ಕೋ ಜೊತೇಲಿದಾನೆ, ಕೈಯಲ್ಲಿ ಹೊಸಾ ರುಮಾಲು. ಮಡಿಕೆನೂ ಬಿಚ್ಚಿಲ್ಲ.”

“ಯಾವ ಬಣ್ಣ?”

“ನಿನ್ನ ಗಾಡೀದೇ ಬಣ್ಣ ಕಣೇ.”

“ಅಳಿಯ?”

“ಅವನೂ ಇದ್ದ, ಹಿಂದ್ಗಡೆ. ಮುಖ ಬಿಳಿಚ್ಕೊಂಡಿತ್ತು. ಅವನಿಗೇನ್ ಗೊತ್ತಾಗುತ್ತೆ, ಬಾ ಅಂದ್ರೆ ಬರ್ತಾನೆ. ನೋಡು, ಐದೂವರೆಗೆ ನೀರು ಹಾಕೋಕ್ ಶುರು ಮಾಡ್ತಾರಂತೆ. ಈಗ ಐದು ಗಂಟೆ ಆರು ನಿಮಿಷ. ಆಮೇಲೆ ನನಗ್ಯಾರೂ ಹೇಳ್ಲಿಲ್ಲ ಅನ್ಬೇಡ.”

ಲವೀನಿಯಾಗೆ ಫೋನು ಮಾಡಿದೆ, ಆಫ್ ಆಗಿತ್ತು. ಫೋಸ್ಕೋಗೆ ಮಾಡಿದೆ. ಬಡಿದುಕೊಂಡಿತು, ಬಡಿದುಕೊಂಡಿತು, ಎತ್ತಲಿಲ್ಲ. ಬೆಳಗಿನ ಆ ಎರಡು ಮುತ್ತುಗಳು ನೆನಪಾಗಿ ಕೆನ್ನೆ ಉರಿಯಿತು. ಮೂವತ್ತೊಂದು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ, ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಇಬ್ಬರೂ ಸೇರಿ ಕತ್ತು ಕೊಯ್ದರಲ್ಲ ಎಂದು ಸ್ಟೀರಿಂಗಿಗೆ ಗುದ್ದಿದೆ.

“ಏನಾದರೂ ಅಶುಭ ವಾರ್ತೆಯೇ?” ಎಂದು ಐನೋ ಕೇಳಿದಳು.

ನಾನು ಹೇಳಿಬಿಟ್ಟೆ. ಗುರುತುಪರಿಚಯವಿಲ್ಲದ ಆ ಇಬ್ಬರು ಮುದುಕಿಯರಿಗೆ ಆಮೆ, ಹುಳು, ಬಾರದ ಎರಡನೆಯ ಮಗು, ಬೀರುವಿನಲ್ಲಿಟ್ಟ ರುಮಾಲು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೆರ್ತ್ತು ಬಿಸ್ಕತ್ತಿನ ಪೊಟ್ಟಣವನ್ನು ಚೀಲಕ್ಕೆ ಹಾಕಿ, ಟೋಪಿಯ ದಾರವನ್ನು ಗದ್ದದ ಕೆಳಗೆ ಬಿಗಿದು ಕಟ್ಟಿಕೊಂಡಳು. ಇಳಿದು ಬಂದು ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು.

“ತಾವು ನಮಗೆ ಚರ್ಚನ್ನು ತೋರಿಸುವ ಅಗತ್ಯವಿಲ್ಲ. ತಾವು ತಕ್ಷಣ ಹೊರಡತಕ್ಕದ್ದು.”

“ಊರಿನ ಆ ತುದಿಗೆ ಹೋಗ್ಬೇಕಮ್ಮ. ಈ ಗಾಡಿ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ಹೋಗಲ್ಲ. ಮಾಲೀಕ ಅದರ ವೇಗ ಕಟ್ಟಿಹಾಕಿದಾನೆ.”

“ಇಪ್ಪತ್ತು ಸಾಕು. ನಾನು ಹೆಲ್ಸಿಂಕಿಯಲ್ಲಿ ಮೂವತ್ತು ವರ್ಷ ಟ್ರಾಮು ನಡೆಸಿರುತ್ತೇನೆ. ನಿಧಾನವಾಗಿ ಹೋದುದರಿಂದ ತಡವಾಗುವುದಿಲ್ಲ, ನಿಂತುದರಿಂದ ತಡವಾಗುತ್ತದೆ. ತಾವು ನಿಲ್ಲಬಾರದು. ಹಾರ್ನನ್ನು ನನಗೆ ಬಿಡಿ.”

ಹೊರಟೆವು. ರೊಸ್ಸಿ ಬೀದಿಯ ಏರಿನಲ್ಲಿ ಗಾಡಿ ಆರಕ್ಕೆ ಇಳಿಯಿತು. ನಾನು ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತು ದೂಡುವವಳಂತೆ ತಿಣುಕುತ್ತಿದ್ದೆ. ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ ಹೋದ. ನಾಯಿ ಹಿಡಿದು ನಡೆಯುತ್ತಿದ್ದ ಮುದುಕನೊಬ್ಬ ಬಹಳ ಹೊತ್ತು ನಮ್ಮ ಸಮಕ್ಕೇ ಇದ್ದ. ನನ್ನ ಜೀವ ಬಾಯಿಗೆ ಬಂದಿತ್ತು, ಆದರೂ ಹೇಳುತ್ತೇನೆ, ಅಂಥ ಹುರುಪು ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ರಕ್ತವೆಲ್ಲ ಕಿವಿಗೇರಿ ಹಾಡುತ್ತಿತ್ತು.

ದೊಡ್ಡ ಬೀದಿಗೆ ತಿರುಗಿದರೆ ಭಾನುವಾರದ ಸಂಜೆಯ ಜನ. ಊರಿಗೆ ಊರೇ ತೋಳಿಗೆ ತೋಳು ಸೇರಿಸಿಕೊಂಡು, ಐಸ್‌ಕ್ರೀಮು ನೆಕ್ಕುತ್ತಾ, ಹತ್ತು ಹೆಜ್ಜೆಗೊಮ್ಮೆ ನಿಂತು ಪರಿಚಯದವರನ್ನು ಮಾತಾಡಿಸುತ್ತಾ ಹೊರಟಿತ್ತು. ನಮ್ಮ ಗಾಡಿಗೆ ಸದ್ದೇ ಇಲ್ಲ, ಬೆನ್ನ ಹಿಂದೆ ಬಂದರೂ ಯಾರಿಗೂ ತಿಳಿಯುವುದಿಲ್ಲ. ಕೆರ್ತ್ತು ಎರಡೂ ಕೈಯಿಂದ ಬುರುಡೆ ಹಿಂಡಿದಳು. ಪೋಂ, ಪೋಂ. ಜನ ಬೆಚ್ಚಿ ಪಕ್ಕಕ್ಕೆ ಹಾರಿದರು. ಐನೋ ಹಿಂದಿನ ಸೀಟಿನಲ್ಲಿ ಎದ್ದು ನಿಂತು, “ದಯವಿಟ್ಟು ಕ್ಷಮಿಸಬೇಕು, ಕೌಟುಂಬಿಕ ಕಾರಣ” ಎಂದು ಎಡಕ್ಕೂ ಬಲಕ್ಕೂ ಹೇಳುತ್ತಾ ಬಂದಳು.

“ಎಲ್ಲಿಗೆ ಓಟ ಜೆಲಿಂದಾ, ಆಮೆ ಮೊಟ್ಟೆ ಇಡುತ್ತಾ?” ಎಂದು ಯಾರೋ ಕೂಗಿದರು.

“ಬಂದು ನಿನ್ನ ತಲೆ ಮೇಲೆ ಇಡಿಸ್ತೀನಿ ತಡಿ” ಎಂದೆ, ನಿಲ್ಲಿಸದೆ.

ಆಗ ಮಾಲೀಕನ ಫೋನು. ಅವನು ಮಿಲಾನಿನಲ್ಲಿ ಕೂತು ನಕ್ಷೆಯ ಮೇಲೆ ನಮ್ಮ ಗಾಡಿಗಳನ್ನು ಕಾಯುತ್ತಾನೆ. “ಸಿನ್ಯೋರಾ, ನಿಮ್ಮ ಚುಕ್ಕೆ ದಾರಿ ಬಿಟ್ಟು ಹೋಗ್ತಿದೆ.”

“ಚುಕ್ಕೆ ಸರಿಯಾಗಿದೆ ಸ್ವಾಮಿ. ದಾರಿ ಬಿಟ್ಟಿರೋದು ನನ್ನ ಸಂಸಾರ.”

ಐನೋ ಹಿಂದಿನಿಂದ ಕೈ ಚಾಚಿ ಫೋನು ತೆಗೆದುಕೊಂಡಳು. “ಮಾನ್ಯರೇ, ಈ ಪ್ರವಾಸವು ನಮಗೆ ಅತ್ಯಂತ ತೃಪ್ತಿಯನ್ನು ಉಂಟುಮಾಡುತ್ತಿರುವುದು. ನಮಸ್ಕಾರ” ಎಂದು ಹೇಳಿ, ಅದನ್ನು ತನ್ನ ಚೀಲದೊಳಗೇ ಹಾಕಿಕೊಂಡಳು.

ಏನು ಮಾತಾಡಬೇಕೆಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಮೊದಲು ಫೋಸ್ಕೋಗೆ, ಆಮೇಲೆ ಲವೀನಿಯಾಗೆ. ಅಳಿಯನಿಗೆ ಹೇಳಲು ಏನೂ ಹೊಳೆಯಲಿಲ್ಲ. ಅವನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಷ್ಟು ಮಾತ್ರ ಗೊತ್ತಿತ್ತು: ನೀರು ಬೀಳುವ ಮೊದಲು ತಲುಪಬೇಕು. ಒಂದು ಹನಿ ಬಿದ್ದರೂ ತೆಸ್ಸಾ ನನ್ನ ಪಾಲಿಗಿಲ್ಲ, ಕಿಟಕಿಯಲ್ಲಿ ನಿಂತು ನೋಡುವುದೇ ನನ್ನ ಮಿಕ್ಕ ಬದುಕು.

ಆರ್ಜಿಯಾ ಅಂಗಡಿಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಟ್ರಾಫಿಕ್ ಪೊಲೀಸಿನವಳಂತೆ ಕೈ ಬೀಸಿ ದಾರಿ ತೋರಿಸಿದಳು, ಆಮೇಲೆ ಗಾಡಿ ನೋಡಿ ತಲೆ ಚಚ್ಚಿಕೊಂಡಳು. “ಅಯ್ಯೋ ನಿನ್ನ, ಈ ಗಾಡೀಲಿ ಹೋಗ್ತೀಯೇನೇ ಅಲ್ಲಿಗೆ?”

ಅವಳನ್ನು ದಾಟಿ ಮುಂದೆ ಹೋದೆ. ಆಮೆ ಕೇರಿಗೆ ಹೋಗುವ ಸಾನ್ ಪಿಯೆತ್ರೋ ಬೀದಿಯ ನಡುವೆ ಕಟ್ಟಿಗೆಯ ತಡೆ ಹಾಕಿದ್ದರು. ತಡೆಯ ಹಿಂದೆ ಒಸ್ವಾಲ್ದೋ, ನನ್ನ ಜೊತೆ ಶಾಲೆಗೆ ಬಂದವನು, ಹುಟ್ಟಾ ಆಮೆ, ಹಿಂದಿನ ಬೆಂಚಿನಲ್ಲಿ ಕೂತು ನನ್ನ ಜಡೆಯನ್ನು ಶಾಯಿಯಲ್ಲಿ ಅದ್ದುತ್ತಿದ್ದವನು. ಹಬ್ಬದ ದಿನ ಅವನು ನನ್ನನ್ನು ಒಳಗೆ ಬಿಡುವುದುಂಟೇ. ಬ್ರೇಕಿನ ಮೇಲೆ ಕಾಲಿಟ್ಟೆ.

“ನಿಲ್ಲಬಾರದು” ಎಂದಳು ಕೆರ್ತ್ತು, ಮತ್ತೆ ಬುರುಡೆ ಹಿಂಡಿದಳು.

ಒಸ್ವಾಲ್ದೋ ತಿರುಗಿ ನೋಡಿದ. ಹಳದಿ ಕಂಡ, ನೀಲಿ ಕಂಡ, ಹುಲ್ಲಿನ ಟೋಪಿಯ ಇಬ್ಬರು ಅಜ್ಜಿಯರನ್ನು ಕಂಡ. ಅವನ ಮುಖ ಅರಳಿತು.

“ದಾರಿ ಬಿಡ್ರೋ, ದಾರಿ ಬಿಡಿ. ವಯಸ್ಸಾದೋರಿಗೆ ಅಂತ ಗಾಡಿ ಕಳ್ಸಿದಾರೆ ನೋಡ್ರೋ, ನಮ್ಮ ಬಣ್ಣದ್ದೇ” ಎಂದು ತಾನೇ ತಡೆ ಎಳೆದ.

ಪಕ್ಕದಲ್ಲಿ ಹಾದು ಹೋಗುವಾಗ ಸ್ಟೀರಿಂಗಿನ ಹಿಂದೆ ನನ್ನ ಮುಖ ಕಂಡಿತು ಅವನಿಗೆ. “ಜೆಲಿಂದಾ? ನೀನೇನೇ?”

“ನಾನೇ. ಮುಚ್ಕೊಂಡು ನಿಂತ್ಕೋ.”

ಅಷ್ಟರಲ್ಲಿ ಕಾಲ ಮೀರಿತ್ತು. ಗಾಡಿ ಒಳಗೆ ಹೋಗಿತ್ತು. ಬೀದಿಯ ಎರಡೂ ಬದಿಯ ಜನ ಚಪ್ಪಾಳೆ ತಟ್ಟಿದರು. ಮೇಲಿನ ಕಿಟಕಿಗಳಿಂದ ಹಳದಿ ನೀಲಿ ಕಾಗದದ ಚೂರುಗಳು ನನ್ನ ತಲೆಯ ಮೇಲೆ ಸುರಿದವು. ತಮಟೆಯವನೊಬ್ಬ ನಮ್ಮ ಮುಂದೆ ಬಂದು ಬಡಿಯುತ್ತಾ ನಡೆಯತೊಡಗಿದ. ಅಕ್ಕತಂಗಿಯರು ಎರಡೂ ಕಡೆ ಕೈ ಬೀಸಿದರು, ರಾಣಿಯರು ಬಂದ ಹಾಗೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹಬ್ಬದ ದಿನ ಈ ಬೀದಿಗೆ ಕಾಲಿಡದ ನಾನು, ಬಸವನಹುಳುವಿನ ಮಗಳು, ಆಮೆಯವರ ಮೆರವಣಿಗೆಯಲ್ಲಿ ಬರುತ್ತಿದ್ದೆ. ಈಗಲೂ ಕಾಲಿಟ್ಟಿಲ್ಲ, ಚಕ್ರ ಇಟ್ಟಿದ್ದೇನೆ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ನನ್ನ ಅಪ್ಪ ಬದುಕಿದ್ದರೆ ಅವತ್ತೇ ಇನ್ನೊಂದು ಸಲ ಸಾಯುತ್ತಿದ್ದರು.

ಕಾರಂಜಿಯ ಚೌಕದಲ್ಲಿ ಜನ ಕಿಕ್ಕಿರಿದಿದ್ದರು. ಕಾರಂಜಿಯ ಪಕ್ಕ ಯಜಮಾನರು, ಕೈಯಲ್ಲಿ ಬೆಳ್ಳಿಯ ತಂಬಿಗೆ. ಅವರ ಮುಂದೆ ಸಾಲಾಗಿ ತಾಯಂದಿರು, ತೋಳಿನಲ್ಲಿ ಕೂಸುಗಳು. ಸಾಲಿನಲ್ಲಿ ಮೂರನೆಯವಳು ಲವೀನಿಯಾ. ತೆಸ್ಸಾ ಬಿಳಿಯ ಗೌನಿನಲ್ಲಿ ಅಮ್ಮನ ಭುಜದ ಮೇಲೆ ತಲೆಯಿಟ್ಟು ಎಲ್ಲರನ್ನೂ ನೋಡುತ್ತಿದ್ದಳು. ಫೋಸ್ಕೋ ಪಕ್ಕದಲ್ಲಿ ರುಮಾಲು ಹಿಡಿದು ನಿಂತಿದ್ದ. ಇನ್ನೂ ನೀರು ಬಿದ್ದಿರಲಿಲ್ಲ.

ಗಾಡಿ ನಿಲ್ಲಿಸಿ ಸೀಟಿನ ಮೇಲೆ ಎದ್ದು ನಿಂತೆ. “ನಿಲ್ಸಿ. ಆ ಮಗು ನಂದು.”

ತಮಟೆ ನಿಂತಿತು. ಚೌಕವೆಲ್ಲ ನನ್ನತ್ತ ತಿರುಗಿತು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ.

“ಫೋಸ್ಕೋ, ನಿನ್ನ ಮಾತು ಎಂಥದ್ದು ಅಂತ ನಂಗೆ ಮೂವತ್ತೊಂದು ವರ್ಷದಿಂದ ಗೊತ್ತು. ಲವೀ, ನಾನು ನಂಬಿದ್ದು ನಿನ್ನ ಮಾತನ್ನ. ನೀನು ಆಸ್ಪತ್ರೇಲಿ ಹೇಳಿದ್ದೆ. ಈ ಕೈಗೆ ಕೊಟ್ಟಿದ್ದೆ.” ಇಷ್ಟು ಜನ ಆಮೆಗಳ ಮುಂದೆ ಅಳಬಾರದೆಂದುಕೊಂಡೆ, ಅಳು ಬಂದೇ ಬಂತು.

“ಹುಳು ಬಂತು ನೋಡ್ರೋ” ಎಂದು ಯಾರೋ ಕಿಸಕ್ಕೆಂದರು. ಯಜಮಾನರು ಕೈಯೆತ್ತಿ ಸುಮ್ಮನಿರಿಸಿದರು.

“ಅಮ್ಮ, ಇಳಿ ಕೆಳಗೆ” ಎಂದಳು ಲವೀನಿಯಾ.

“ಇಳಿಯಲ್ಲ. ಮಗು ಕೊಡು.”

ಫೋಸ್ಕೋನ ಮುಖ ಕೆಂಪಾಗಿತ್ತು. “ಜೆಲಿಂದಾ, ಸ್ವಲ್ಪ ಕೇಳೇ. ಮಗೂಗಲ್ಲ ಕಣೇ.”

“ಮಗೂಗಲ್ದೆ ಇನ್ಯಾರಿಗೆ, ನಿನಗಾ?”

ಯಜಮಾನರು ಗಂಟಲು ಸರಿಮಾಡಿಕೊಂಡು ಕೈಯಲ್ಲಿದ್ದ ಕಾಗದ ನೋಡಿದರು. “ನಮ್ಮ ಪಟ್ಟಿಯಲ್ಲಿ ತೆಸ್ಸಾ ಅನ್ನೋ ಹೆಸರೇ ಇಲ್ಲಮ್ಮ. ಇಲ್ಲಿರೋದು ರುಸ್ತಿಚಿ ರುಜ್ಜೇರೋ, ವಯಸ್ಸು ಮೂವತ್ನಾಲ್ಕು.”

ಲವೀನಿಯಾಳ ಬೆನ್ನ ಹಿಂದಿನಿಂದ ನನ್ನ ಅಳಿಯ ಮುಂದೆ ಬಂದ. ಬಿಗಿಯಾದ ಸೂಟು, ತೇವ ಮಾಡಿ ಬಾಚಿದ ಕೂದಲು. ಹಾಲುಗಲ್ಲದ ಕೂಸುಗಳ ಸಾಲಿನ ನಡುವೆ ಆರಡಿ ಗಂಡಸು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

ಲವೀನಿಯಾ ಗಾಡಿಯ ಹತ್ತಿರಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. “ಅಪ್ಪ ಹಟ ಹಿಡಿದ್ರು ಅಮ್ಮ. ನಮ್ಮ ಕಡೆಯಿಂದ ಒಂದು ತಲೆ ಹುಳೂಗೆ ಹೋಗೋದಾದ್ರೆ ಇನ್ನೊಂದು ತಲೆ ಆಮೆಗೆ ಬರ್ಬೇಕು, ಇಲ್ದಿದ್ರೆ ಮಗೂನ ಬಿಡಲ್ಲ ಅಂದ್ರು. ಚಳಿಗಾಲವೆಲ್ಲ ಇದೇ ಜಗಳ, ನಿನ್ನ ಕಿವಿಗೆ ಬೀಳದ ಹಾಗೆ. ಕೊನೆಗೆ ಇವ್ರು, ನನ್ನ ತಲೆ ತಗೊಳ್ಳಿ, ಅತ್ತೆಗೆ ಮಗು ಸಿಗ್ಲಿ ಅಂದ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

“ಇವ್ರೇ ಬೇಡ ಅಂದ್ರು. ಹೇಳಿದ್ರೆ ಅತ್ತೆ ಊಟಕ್ಕೆ ಕೂತಾಗ ಆಡ್ಕೊಂಡು ನಗ್ತಾರೆ, ನಂಗೆ ಧೈರ್ಯ ಹೋಗುತ್ತೆ, ನೀರು ಬಿದ್ದ ಮೇಲೆ ಹೇಳೋಣ ಅಂದ್ರು.”

ಮುಖಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಿಜ, ನಗುತ್ತಿದ್ದೆ. ಪಂಪಿನವನಿಗೂ ಒಂದು ಕೇರಿಯೇ ಎಂದು ಕೇಳುತ್ತಿದ್ದೆ. ಆ ಮಾತು ಆಗಲೇ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ಅದು ನನಗೆ ಗೊತ್ತಾಯಿತು, ನಾಚಿಕೆಯಾಯಿತು.

ಹೊರಗಿನಿಂದ ಬಂದವರ ಕೈಹಿಡಿದು ಸುಮ್ಮನೆ ಯಾರೂ ಕೇರಿಗೆ ಸೇರಿಸಿಕೊಳ್ಳುವುದಿಲ್ಲ. ಎಷ್ಟು ಮನೆ ಮೆಟ್ಟಿಲು ಹತ್ತಿ ಇಳಿದಿದ್ದನೋ, ಕೇರಿಯ ಎಷ್ಟು ಊಟಗಳಿಗೆ ತಟ್ಟೆ ತೊಳೆದಿದ್ದನೋ. ರುಜ್ಜೇರೋ ಗಾಡಿಯ ಬದಿಗೆ ಬಂದು, ಬೇರೆ ಯಾರಿಗೂ ಕೇಳದ ಹಾಗೆ, “ಅತ್ತೆ, ನಂಗೆ ನಿಮ್ಮ ಕೇರಿಗೇ ಬರೋ ಮನಸ್ಸಿತ್ತು. ಏನ್ಮಾಡೋದು, ಇರೋದು ಒಂದೇ ತಲೆ” ಎಂದ. ನಾಲ್ಕು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಯಜಮಾನರು ಕರೆದರು. ಅವನು ಹೋಗಿ ಕಲ್ಲಿನ ಮೇಲೆ ಮಂಡಿಯೂರಿದ. ನಿಂತರೆ ತಂಬಿಗೆ ಎಟುಕುತ್ತಿರಲಿಲ್ಲ.

“ರುಸ್ತಿಚಿ ರುಜ್ಜೇರೋ, ಬದುಕಿರೋ ತನಕ ಈ ಕೇರಿಯವನಾಗಿರೋದಕ್ಕೆ ನಿನಗೆ ಒಪ್ಪಿಗೆಯಾ?”

ಅವನು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದ, ಮೇಜಿನ ಹತ್ತಿರ ಬಾಯಿ ತೆರೆಯುವ ಮೊದಲು ನೋಡುತ್ತಿದ್ದನಲ್ಲ, ಹಾಗೇ. ಜನ ಕಾದರು. ಎಲ್ಲೋ ಒಂದು ಕೂಸು ಅಳತೊಡಗಿತು. ಯಜಮಾನರು ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವ ಪದ್ಧತಿಯಿಲ್ಲ.

ನಾನು ಇಳಿದೆ. ಆಮೆಯವರ ನೆಲದ ಮೇಲೆ, ಅವರ ಹಬ್ಬದ ದಿನ, ಎರಡೂ ಕಾಲಿಟ್ಟು ನಡೆದೆ. ಜನ ಜಾಗ ಬಿಟ್ಟರು. ಅವನ ಮುಂದೆ ಹೋಗಿ ನಿಂತೆ.

“ಹೇಳಪ್ಪ” ಎಂದೆ. “ಜೋರಾಗಿ ಹೇಳು. ಊರಿಗೆಲ್ಲ ಕೇಳಿಸ್ಬೇಕು.”

“ಒಪ್ಪಿಗೆ” ಎಂದ ರುಜ್ಜೇರೋ. ಆ ಬಯಲುಸೀಮೆಯ ಗಂಟಲಿಗೆ ಅಷ್ಟು ಧ್ವನಿಯಿತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನೀರು ಬಿತ್ತು. ಹಣೆಯಿಂದ ಮೂಗಿಗೆ, ಮೂಗಿನಿಂದ ಹೊಸ ಸೂಟಿಗೆ ಇಳಿಯಿತು. ತಮಟೆ ಎದ್ದಿತು, ಚೌಕವೆಲ್ಲ ಕೂಗಿತು, ಕೆರ್ತ್ತು ಬುರುಡೆ ಹಿಂಡಿದಳು. ಫೋಸ್ಕೋ ರುಮಾಲು ಬಿಡಿಸಿದ, ಆದರೆ ನನ್ನ ಮುದುಕನ ಕೈಯಲ್ಲಿ ಗಂಟು ಬೀಳಲೊಲ್ಲದು. ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ಅವನು ನನ್ನ ಕಡೆ ನೋಡಿದ, ನೋಡಿ ಕಣ್ಣು ತಗ್ಗಿಸಿದ.

ಆ ಹಳದಿ ನೀಲಿ ರೇಷ್ಮೆಯನ್ನು ನಾನೇ ಇಸಿದುಕೊಂಡೆ. ನನ್ನ ಕೈಯಾರೆ ಅಳಿಯನ ಕೊರಳಿಗೆ ಸುತ್ತಿ ಗಂಟು ಹಾಕಿದೆ.

“ಬಿಗಿಯಾಯ್ತಾ?”

“ಇಲ್ಲ ಅತ್ತೆ.”

“ಇವತ್ತಿಂದ ನೀನು ನನ್ನ ಶತ್ರು. ಗೊತ್ತಿದೆಯಲ್ಲ?”

“ಗೊತ್ತಿದೆ ಅತ್ತೆ” ಎಂದು ಅವನು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನಕ್ಕ. ಆ ಒದ್ದೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಆಮೆ ಕೇರಿ ನೋಡುತ್ತಿರುವಾಗ, ನಾನು ಅವನ ಹಣೆಗೆ ಮುತ್ತಿಟ್ಟೆ.